ಸಹಿ ಯಾರದು, ಹೊಣೆ ಯಾರದು

ಭಾರತದ ನೌಕಾಪಡೆಯ ಮುಖ್ಯಸ್ಥರಿಗೆ ಸಿಗುವುದು ಮೂರು ವರ್ಷ. ಅಷ್ಟರೊಳಗೆ 62 ತುಂಬಿದರೆ ಅದೂ ಇಲ್ಲ. ರಕ್ಷಣಾ ಕಾರ್ಯದರ್ಶಿಯ ಅವಧಿ ಸಾಮಾನ್ಯವಾಗಿ ಎರಡು ವರ್ಷ. ಇವರು ಒಪ್ಪಿಗೆ ಕೊಟ್ಟ ಯುದ್ಧನೌಕೆಯಾದರೋ ನಕ್ಷೆಯಿಂದ ನೀರಿಗಿಳಿಯುವುದಕ್ಕೇ ಎಷ್ಟೋ ವರ್ಷ ಹಿಡಿಯುತ್ತದೆ, ಇಳಿದ ಮೇಲೆ ಮೂವತ್ತು ವರ್ಷ ಓಡುತ್ತದೆ. ನಮ್ಮ ಕಾರವಾರವನ್ನೇ ನೋಡಿ. ಸೀಬರ್ಡ್ ನೌಕಾನೆಲೆಯ ಯೋಜನೆಗೆ ರಾಜೀವ್ ಗಾಂಧಿ ಅಡಿಗಲ್ಲು ಇಟ್ಟದ್ದು 1986ರ ಅಕ್ಟೋಬರಿನಲ್ಲಿ. ಐಎನ್‌ಎಸ್ ಕದಂಬ ಎಂಬ ಆ ನೆಲೆ ನೌಕಾಪಡೆಗೆ ಸೇರಿದ್ದು 2005ರ ಮೇ ತಿಂಗಳಲ್ಲಿ. ಈ ಹತ್ತೊಂಬತ್ತು ವರ್ಷಗಳಲ್ಲಿ ತಹಿಲಿಯಾನಿ ಅವರಿಂದ ಅರುಣ್ ಪ್ರಕಾಶ್ ಅವರವರೆಗೆ ಎಂಟು ಮಂದಿ ನೌಕಾಪಡೆಯ ಮುಖ್ಯಸ್ಥರಾದರು. ಅಡಿಗಲ್ಲಿನ ಹೊತ್ತಿಗೆ ಹುದ್ದೆಯಲ್ಲಿದ್ದ ಹಿರಿಯ ಅಧಿಕಾರಿಗಳು, ಸಮವಸ್ತ್ರದವರಿರಲಿ ಸಚಿವಾಲಯದವರಿರಲಿ, ನೆಲೆ ತೆರೆಯುವ ಹೊತ್ತಿಗೆ ಪಿಂಚಣಿದಾರರಾಗಿದ್ದರು. ಇಷ್ಟು ದೀರ್ಘ ಕೆಲಸವನ್ನು ಇಷ್ಟು ಚಿಕ್ಕ ಅವಧಿಯ ಕೈಗಳಿಗೆ ಒಪ್ಪಿಸುವ ವ್ಯವಸ್ಥೆಯಲ್ಲಿ, ತಪ್ಪಾದಾಗ ಉತ್ತರ ಹೇಳಬೇಕಾದವರು ಯಾರು?

ನೌಕಾಪಡೆಯ ಆಡಳಿತದ ಚರ್ಚೆ ನಮ್ಮಲ್ಲಿ ಎದ್ದಾಗಲೆಲ್ಲ ಅದು ಸಮವಸ್ತ್ರದವರು ಮೇಲೋ ಐಎಎಸ್‌ನವರು ಮೇಲೋ ಎಂಬ ಜಗಳವಾಗಿ ಮುಗಿಯುತ್ತದೆ. ಆ ಜಗಳದಲ್ಲಿ ಅಸಲು ಸಂಗತಿ ಕೈಬಿಟ್ಟುಹೋಗುತ್ತದೆ ಎಂದು ನನಗನ್ನಿಸುತ್ತದೆ. ಒಂದು ನೌಕಾಪಡೆ ನೆಟ್ಟಗೆ ನಡೆಯಬೇಕಾದರೆ ಕೆಲಸದ ಅರಿವು, ತೀರ್ಮಾನದ ಅಧಿಕಾರ, ಪರಿಣಾಮದ ಹೊಣೆ ಈ ಮೂರೂ ಆದಷ್ಟು ಒಂದೇ ಕಡೆ ಇರಬೇಕು. ಅವು ಚದುರಿದಾಗ, ಕುರ್ಚಿಯಲ್ಲಿ ಕೂತವರ ಉಡುಪು ಯಾವುದಾದರೂ ಫಲ ಒಂದೇ. 2014ರ ಫೆಬ್ರುವರಿ 26ರಂದು ಮುಂಬೈ ಬಳಿಯ ಸಮುದ್ರದಲ್ಲಿ ಐಎನ್‌ಎಸ್ ಸಿಂಧುರತ್ನ ಜಲಾಂತರ್ಗಾಮಿಯೊಳಗೆ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ತೀರಿಕೊಂಡರು. ಅದೇ ದಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು; ಸರ್ಕಾರ ಅದನ್ನು ಅಂದೇ ಅಂಗೀಕರಿಸಿತು. ತಿಂಗಳುಗಳ ನಂತರ ಅವರು ಆಡಿದ ಮಾತಿನ ತಾತ್ಪರ್ಯ ಇಷ್ಟು: ಪರಿಣತಿ ಒಂದು ಕಡೆ, ಹೊಣೆ ಇನ್ನೊಂದು ಕಡೆ, ಅಧಿಕಾರ ಮತ್ತೊಂದು ಕಡೆ ಇರುವ ವ್ಯವಸ್ಥೆ ಇದು. ಹೊಣೆ ಹೊತ್ತವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಜಲಾಂತರ್ಗಾಮಿಗಳ ಬ್ಯಾಟರಿ, ದುರಸ್ತಿ, ಹೊಸ ಖರೀದಿಯ ಕಡತಗಳ ಮೇಲೆ ಟಿಪ್ಪಣಿ ಬರೆದು ಮುಂದಕ್ಕೆ ತಳ್ಳಿದವರ ಹೆಸರು ಒಂದೂ ಹೊರಗೆ ಬರಲಿಲ್ಲ.

ಈ ಮೂರನ್ನೂ ಒಬ್ಬನೇ ಹೊತ್ತ ಉದಾಹರಣೆಗೆ ಮುನ್ನೂರೈವತ್ತು ವರ್ಷ ಹಿಂದಕ್ಕೆ, ಇಂಗ್ಲೆಂಡಿಗೆ ಹೋಗಬೇಕು. ದಿನಚರಿಯಿಂದ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ 1660ರಲ್ಲಿ ನೌಕಾ ಮಂಡಳಿಯ ಕಾರ್ಯದರ್ಶಿಯಾದದ್ದು ಶುದ್ಧ ವಶೀಲಿಯಿಂದ. ರಾಜನಿಗೆ ಬೇಕಾದ ಎಡ್ವರ್ಡ್ ಮಾಂಟೆಗು ಅವನ ಬಂಧು. ಹಡಗಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಹೆಚ್ಚುಕಡಿಮೆ ಶೂನ್ಯ. ಕೇಂಬ್ರಿಜ್‌ನಲ್ಲಿ ಓದಿದ ಈ ಮನುಷ್ಯನಿಗೆ ಮಗ್ಗಿ ಬರುತ್ತಿರಲಿಲ್ಲ! 1662ರ ಜುಲೈಯಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ‘ರಾಯಲ್ ಚಾರ್ಲ್ಸ್’ ಹಡಗಿನಲ್ಲಿ ಕೆಲಸ ಮಾಡಿದ್ದ ಒಬ್ಬ ನಾವಿಕನನ್ನು ಮನೆಗೆ ಕರೆಸಿಕೊಂಡು ಬೆಳಗ್ಗೆ ಬೇಗ ಎದ್ದು ಗುಣಾಕಾರ ಕಲಿತ. ಮುಂದಿನ ತಿಂಗಳು ಹಡಗು ಕಟ್ಟುವ ಆಂಟನಿ ಡೀನ್ ಜೊತೆ ವಾಲ್ಥಮ್ ಕಾಡಿಗೆ ಹೋಗಿ, ಓಕ್ ನಾಟಾವನ್ನು ಅಳೆಯುವುದು ಹೇಗೆ, ಅಳೆಯುವಾಗ ರಾಜನ ಬೊಕ್ಕಸಕ್ಕೆ ಎಲ್ಲಿ ಮೋಸವಾಗುತ್ತದೆ ಎಂದು ತಿಳಿದುಕೊಂಡ. ಹಗ್ಗದ ಕಾರ್ಖಾನೆಗೆ ಹೋಗಿ ಬೇರೆ ಬೇರೆ ದೇಶದ ನಾರಿನ ಎಳೆಗಳನ್ನು ಪರೀಕ್ಷೆ ಮಾಡಿಸಿದ. ತಲೆ ಅಲ್ಲಾಡಿಸಿ ಸಹಿ ಹಾಕುತ್ತಿದ್ದ ಹಿರಿಯ ಸಹೋದ್ಯೋಗಿಗಳ ನಡುವೆ, ಲೆಕ್ಕ ಕೇಳುವ ಗುಮಾಸ್ತ ಒಬ್ಬ ಹುಟ್ಟಿಕೊಂಡ. ಅವನ ಅಧಿಕಾರ ವಶೀಲಿಯಿಂದ ಬಂದಿದ್ದರೂ ಅದು ನಿಂತದ್ದು ಈ ಕಲಿಕೆಯ ಮೇಲೆ.

ಹೊಣೆಯ ಪರೀಕ್ಷೆಯೂ ಬಂತು. ಡಚ್ಚರ ವಿರುದ್ಧದ ಯುದ್ಧದಲ್ಲಿ ಸಂಬಳಕ್ಕೆ ಹಣವಿಲ್ಲದೆ ನಾವಿಕರಿಗೆ ಚೀಟಿ ಕೊಟ್ಟು ಕಳಿಸಲಾಗುತ್ತಿತ್ತು. ಆ ಚೀಟಿಗಳನ್ನು ಅವರು ಅರ್ಧ ಬೆಲೆಗೋ ಇನ್ನೂ ಕಡಿಮೆಗೋ ಮಾರಿಕೊಳ್ಳುತ್ತಿದ್ದರು. 1667ರ ಜೂನ್‌ನಲ್ಲಿ ಡಚ್ ನೌಕೆಗಳು ಮೆಡ್ವೇ ನದಿಯೊಳಕ್ಕೇ ನುಗ್ಗಿ, ಕಟ್ಟಿ ನಿಲ್ಲಿಸಿದ್ದ ಹಡಗುಗಳಿಗೆ ಬೆಂಕಿಯಿಟ್ಟು, ‘ರಾಯಲ್ ಚಾರ್ಲ್ಸ್’ ಹಡಗನ್ನೇ ಎಳೆದುಕೊಂಡು ಹೋದವು. ದಾಳಿ ಮಾಡಿದ ಹಡಗುಗಳ ಮೇಲಿಂದ ಇಂಗ್ಲಿಷ್ ಮಾತು ಕೇಳಿಬಂತೆಂದು ಪೀಪ್ಸ್ ದಾಖಲಿಸಿದ್ದಾನೆ: ಚೀಟಿಗಾಗಿ ದುಡಿದು ಬೇಸತ್ತ ಇಂಗ್ಲಿಷ್ ನಾವಿಕರು ರೊಕ್ಕ ಕೊಡುವ ಡಚ್ಚರ ಕಡೆ ಸೇರಿದ್ದರು. ಸಂಸತ್ತು ತಲೆಗಳನ್ನು ಕೇಳಿತು. 1668ರ ಮಾರ್ಚ್ 5ರಂದು ಪೀಪ್ಸ್ ಕಾಮನ್ಸ್ ಸಭೆಯ ಮುಂದೆ ನಿಂತು, ಧೈರ್ಯಕ್ಕೆ ಮೊದಲೇ ಒಂದಿಷ್ಟು ಬ್ರಾಂದಿ ಹಾಕಿಕೊಂಡು, ಸುಮಾರು ಮೂರು ಗಂಟೆ ಕಾಲ ಮಂಡಳಿಯ ಲೆಕ್ಕ ಒಪ್ಪಿಸಿದ. ಗೆದ್ದ ಎಂಬುದು ಇಲ್ಲಿ ಎರಡನೆಯ ಮಾತು. ಕಡತ ಬರೆದವನೇ ಎದ್ದುನಿಂತು, ತನ್ನ ಹೆಸರಿನಲ್ಲಿ, ಉತ್ತರ ಹೇಳಿದ. ಮಂಡಳಿ ಹಣ ಎಷ್ಟು ಬಾರಿ ಕೇಳಿತ್ತು, ಎಷ್ಟು ಬಂತು ಎಂಬುದು ಅವನ ಪುಸ್ತಕಗಳಲ್ಲಿದ್ದುದರಿಂದ ಉತ್ತರ ಹೇಳುವುದೂ ಸಾಧ್ಯವಾಯಿತು.

ಪೀಪ್ಸ್ ಪ್ರಾಮಾಣಿಕನಾಗಿದ್ದನೇ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ನಾಟಾ ವ್ಯಾಪಾರಿ ವಿಲಿಯಂ ವಾರನ್ 1664ರಲ್ಲಿ ಅವನ ಹೆಂಡತಿಗೆಂದು ಒಂದು ಜೊತೆ ಕೈಗವಸು ಕೊಟ್ಟ. ಪೊಟ್ಟಣ ಮುಟ್ಟಿದರೆ ಗಟ್ಟಿಯಾಗಿತ್ತು. ಪೀಪ್ಸ್ ಅಲ್ಲಿ ಬಿಚ್ಚದೆ ಮನೆಗೆ ತಂದು ನೋಡಿದರೆ ಒಳಗೆ ನಲವತ್ತು ಚಿನ್ನದ ನಾಣ್ಯ. ಅವನು ವಾಪಸು ಕೊಡಲಿಲ್ಲ. ಅದೇ ವಾರನ್‌ಗೆ ದೊಡ್ಡ ಗುತ್ತಿಗೆಗಳು ಹೋದವು. ಒಂದೇ ಕುರ್ಚಿಯಲ್ಲಿ ಬಹುಕಾಲ ಕೂತವನ ಸುತ್ತ ಗುತ್ತಿಗೆದಾರರ ಬಲೆ ಬೆಳೆಯುತ್ತದೆ ಎಂಬ ಆಕ್ಷೇಪಣೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಆ ಆಕ್ಷೇಪಣೆಗೆ ಮತ್ತೆ ಬರುತ್ತೇನೆ. ಆದರೆ ಇದೇ ಮನುಷ್ಯ 1677ರಲ್ಲಿ, ವಯಸ್ಸು ಇಪ್ಪತ್ತಾಗದೆ, ಮೂರು ವರ್ಷ ಸಮುದ್ರದಲ್ಲಿ ದುಡಿಯದೆ, ಪರೀಕ್ಷೆ ಪಾಸಾಗದೆ ಯಾರೂ ಲೆಫ್ಟಿನೆಂಟ್ ಆಗಕೂಡದು ಎಂಬ ನಿಯಮ ತಂದ. ದೊಡ್ಡ ಮನೆತನದ ಹುಡುಗರು ಆಸ್ಥಾನದಿಂದ ನೇರ ಹಡಗಿಗೆ ಹಾರುತ್ತಿದ್ದ ಕಾಲದಲ್ಲಿ, ಅಧಿಕಾರಿಗಳ ವೃತ್ತಿಜೀವನಕ್ಕೆ ಮೊದಲ ಮೆಟ್ಟಿಲು ಕಟ್ಟಿದ್ದು ಒಂದು ಹಡಗನ್ನೂ ನಡೆಸದ ಈ ಗುಮಾಸ್ತ. (ಸರಿಯಾಗಿ ನೂರು ವರ್ಷದ ನಂತರ, 1777ರಲ್ಲಿ, ಹದಿನೆಂಟರ ನೆಲ್ಸನ್ ಅದೇ ಪರೀಕ್ಷೆ ಪಾಸಾದ, ನೌಕಾ ಮಂಡಳಿಯ ಮುಖ್ಯಸ್ಥನಾಗಿದ್ದವನು ಅವನ ಸೋದರಮಾವ. ನಿಯಮವೂ ಉಳಿಯಿತು, ವಶೀಲಿಯೂ ಉಳಿಯಿತು.)

ಹಾಗಾದರೆ ಸಮುದ್ರ ಬಲ್ಲವರಿಗೇ ಎಲ್ಲವನ್ನೂ ವಹಿಸಿಬಿಡಬಾರದೇಕೆ? ಅದನ್ನೂ ಇಂಗ್ಲೆಂಡ್ ಮಾಡಿ ನೋಡಿದೆ. 1801ರಲ್ಲಿ ಅಡ್ಮಿರಾಲ್ಟಿಯ ಚುಕ್ಕಾಣಿ ಹಿಡಿದ ಸೇಂಟ್ ವಿನ್ಸೆಂಟ್ ಆ ಕಾಲದ ಅತಿ ಗಟ್ಟಿಗ ಅಡ್ಮಿರಲ್‌ಗಳಲ್ಲಿ ಒಬ್ಬ. ಹಡಗುಕಟ್ಟೆಗಳಲ್ಲಿ ಕಳ್ಳತನ ತುಂಬಿದೆ ಎಂಬ ಅವನ ಗುಮಾನಿ ಸುಳ್ಳೇನಲ್ಲ. ಆದರೆ ಹಡಗಿನ ಮೇಲೆ ಶಿಸ್ತು ತಂದ ಕೈಯಿಂದಲೇ ಹಡಗುಕಟ್ಟೆಯನ್ನೂ ತಿದ್ದಲು ಹೋಗಿ, ಕೆಲಸಗಾರರನ್ನು ಕಿತ್ತುಹಾಕಿ, ನಾಟಾ ಗುತ್ತಿಗೆದಾರರೊಂದಿಗೆ ಮುರಿದುಕೊಂಡ. 1803ರಲ್ಲಿ ನೆಪೋಲಿಯನ್ ಜೊತೆ ಮತ್ತೆ ಯುದ್ಧ ಹೊತ್ತಿದಾಗ ದುರಸ್ತಿಗೆ ನಾಟಾ ಸಾಲದೆ ಪರದಾಟವಾಯಿತು. ಟ್ರಫಾಲ್ಗರ್ ಕಾಳಗದ ವರ್ಷ ಆ ಕುರ್ಚಿಗೆ ಬಂದವನು ಎಪ್ಪತ್ತೆಂಟರ ಮುದುಕ ಬಾರ್‌ಹಮ್. ಅವನೂ ನೌಕಾಧಿಕಾರಿಯೇ, ಆದರೆ ಕಾಳಗದಲ್ಲಿ ಹೆಸರು ಮಾಡಿದವನಲ್ಲ; 1778ರಿಂದ ಹನ್ನೆರಡು ವರ್ಷ ನೌಕಾ ಮಂಡಳಿಯ ಮೇಜಿನಲ್ಲಿ ಕೂತು, ಹಡಗುಗಳ ತಳಕ್ಕೆ ತಾಮ್ರದ ತಗಡು ಹೊಡೆಸಿದಂಥ ಕೆಲಸಗಳಲ್ಲಿ ನುರಿತಿದ್ದವನು. ಡೆಕ್ಕಿನ ಅನುಭವ ಬೇರೆ, ದಾಸ್ತಾನಿನ ಅನುಭವ ಬೇರೆ. ಒಂದರಲ್ಲಿ ಪಳಗಿದವರಿಗೆ ಇನ್ನೊಂದು ತಾನಾಗಿ ಒಲಿಯುವುದಿಲ್ಲ.

ಅರಿವು, ಅಧಿಕಾರ, ಹೊಣೆ ಈ ಮೂರೂ ಚದುರಿದರೆ ಏನಾಗುತ್ತದೆ ಎಂಬುದಕ್ಕೆ ‘ಕ್ಯಾಪ್ಟನ್’ ಎಂಬ ಬ್ರಿಟಿಷ್ ಯುದ್ಧನೌಕೆಯ ಕಥೆ ಓದಬೇಕು. ಅದನ್ನು ಕಲ್ಪಿಸಿದ ಕೋಲ್ಸ್ ನೌಕಾಧಿಕಾರಿ, ಹಡಗು ವಿನ್ಯಾಸದಲ್ಲಿ ತರಬೇತಿ ಪಡೆದವನಲ್ಲ. ಪತ್ರಿಕೆಗಳೂ ಸಂಸತ್ತೂ ಅವನ ಬೆನ್ನಿಗಿದ್ದವು. ನೌಕಾಪಡೆಯ ಮುಖ್ಯ ವಿನ್ಯಾಸಕ ಎಡ್ವರ್ಡ್ ರೀಡ್, ಸಮವಸ್ತ್ರವಿಲ್ಲದ ಅಧಿಕಾರಿ, ಬೇಡವೆಂದ. ಹಡಗು ಕಟ್ಟುವ ವಿಭಾಗದ ಮುಖ್ಯಸ್ಥ ಅಡ್ಮಿರಲ್ ರಾಬಿನ್ಸನ್ ಕೂಡ ಬೇಡವೆಂದ. ಅಂದರೆ ಅರಿವುಳ್ಳ ಇಬ್ಬರೂ, ಒಬ್ಬ ಸಿವಿಲಿಯನ್ ಒಬ್ಬ ಅಡ್ಮಿರಲ್, ಒಂದೇ ಕಡೆ ಇದ್ದರು. ತೀರ್ಮಾನ ಮಾತ್ರ ಬೇರೆ ಕಡೆ ಆಯಿತು. ಕಟ್ಟುವಾಗ ಹಡಗು ಲೆಕ್ಕಕ್ಕಿಂತ ಭಾರವಾಗಿ, ನೀರಿನ ಮೇಲೆ ಎಂಟಡಿ ಇರಬೇಕಾದ ಅಂಚು ಆರೂವರೆ ಅಡಿಗೆ ಇಳಿಯಿತು. 1870ರ ಸೆಪ್ಟೆಂಬರ್ 7ರ ನಸುಕಿಗೆ ಮುನ್ನ ಸ್ಪೇನಿನ ಕರಾವಳಿಯಾಚೆ, ಬಿರುಗಾಳಿಗೆ ಮಗುಚಿ 470ಕ್ಕೂ ಹೆಚ್ಚು ಜನರೊಂದಿಗೆ ಮುಳುಗಿತು. ಕೋಲ್ಸ್ ಸತ್ತ, ಹಡಗನ್ನು ಮೆಚ್ಚಿದ್ದ ನೌಕಾ ಸಚಿವ ಚಿಲ್ಡರ್ಸ್‌ನ ಮಗನೂ ಸತ್ತ. ಉಳಿದವರ ವಿಚಾರಣೆ ನಡೆಸಿದ ನ್ಯಾಯಮಂಡಳಿ, ಸಾರ್ವಜನಿಕ ಒತ್ತಡಕ್ಕೆ ಮಣಿದು ಬಲ್ಲವರ ಅಭಿಪ್ರಾಯಕ್ಕೆ ವಿರುದ್ಧವಾಗಿ ಕಟ್ಟಿದ ಹಡಗು ಇದು ಎಂದು ದಾಖಲಿಸಿತು. ಆಮೇಲೆ ಸಚಿವರು ಹೊರಡಿಸಿದ ಟಿಪ್ಪಣಿಯಲ್ಲಿ ತಪ್ಪು ಹೊರಿಸಿದ್ದು ಯಾರ ಮೇಲೆ? ಬೇಡವೆಂದಿದ್ದ ರೀಡ್ ಮತ್ತು ರಾಬಿನ್ಸನ್ ಮೇಲೆ. ರಾಬಿನ್ಸನ್ ಹುದ್ದೆಯನ್ನೂ ಕಳೆದುಕೊಂಡ.

ಭಾರತಕ್ಕೆ ಬಂದರೆ ಮೊದಲ ಆಕ್ಷೇಪಣೆ ಪ್ರಜಾಪ್ರಭುತ್ವದ ಕಡೆಯಿಂದ ಬರುತ್ತದೆ: ಸೇನೆ ಚುನಾಯಿತರ ಹಿಡಿತದಲ್ಲಿರಬೇಕು, ಸುತ್ತಲಿನ ದೇಶಗಳನ್ನು ನೋಡಿದ ಮೇಲೂ ಈ ಮಾತಿನಲ್ಲಿ ಅನುಮಾನವೇ? ಅನುಮಾನ ಇಲ್ಲ. 1998ರ ಡಿಸೆಂಬರ್ 30ರಂದು, ಉಪಮುಖ್ಯಸ್ಥರೊಬ್ಬರ ನೇಮಕದ ಸಂಪುಟ ಸಮಿತಿಯ ಆದೇಶ ಜಾರಿ ಮಾಡಲು ಒಪ್ಪದ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ವಿಷ್ಣು ಭಾಗವತ್ ಅವರನ್ನು ವಾಜಪೇಯಿ ಸರ್ಕಾರ ವಜಾ ಮಾಡಿತು. ಆಗ ರಕ್ಷಣಾ ಸಚಿವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ವಜಾ ಮಾಡಿದ ರೀತಿ ಒರಟಾಗಿತ್ತು, ಆದರೆ ಹಾಗೆ ಮಾಡುವ ಹಕ್ಕು ಸರ್ಕಾರಕ್ಕೆ ಇತ್ತು, ಇರಬೇಕು. ನಾನು ಬೇರ್ಪಡಿಸುವುದು ಇಷ್ಟನ್ನು: ಸಚಿವರ ಹಿಡಿತ ಬೇರೆ, ಸಚಿವಾಲಯದ ಹಿಡಿತ ಬೇರೆ. ಸಚಿವರು ಲೋಕಸಭೆಗೆ ಉತ್ತರ ಹೇಳುತ್ತಾರೆ, ಐದು ವರ್ಷಕ್ಕೊಮ್ಮೆ ಜನರ ಮುಂದೆ ಹೋಗುತ್ತಾರೆ. ನೌಕಾಪಡೆಯ ಕೇಂದ್ರ ಕಚೇರಿಯನ್ನು ದಶಕಗಳ ಕಾಲ ಸಚಿವಾಲಯದ ‘ಲಗತ್ತಾದ ಕಚೇರಿ’ ಎಂದು ಇಟ್ಟು, ಅಲ್ಲಿಂದ ಹೋದ ಪ್ರಸ್ತಾವಕ್ಕೆ ಮೇಜಿನಿಂದ ಮೇಜಿಗೆ ತಕರಾರು ಬರೆದವರು ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಅದನ್ನು ಪ್ರಜಾಪ್ರಭುತ್ವದ ಹೆಸರಿನಲ್ಲಿ ಸಮರ್ಥಿಸುವುದು ಪ್ರಜಾಪ್ರಭುತ್ವಕ್ಕೇ ಅನ್ಯಾಯ.

ಇನ್ನು ವಾರನ್‌ನ ಕೈಗವಸು. ಭ್ರಷ್ಟಾಚಾರ ತಡೆಯಲಿಕ್ಕೇ ಅಲ್ಲವೇ ನಾವು ಅಧಿಕಾರಿಗಳನ್ನು ಎರಡು-ಮೂರು ವರ್ಷಕ್ಕೊಮ್ಮೆ ಎತ್ತಂಗಡಿ ಮಾಡುವುದು? ವಾದದಲ್ಲಿ ಹುರುಳಿದೆ, ಆದರೆ ಅದರ ಬೆಲೆ ಲೆಕ್ಕ ಹಾಕಿದವರು ಕಡಿಮೆ. ಎಂಬತ್ತರ ದಶಕದಲ್ಲಿ ಜರ್ಮನಿಯ ಎಚ್‌ಡಿಡಬ್ಲ್ಯು ಕಂಪನಿಯ ನೆರವಿನಿಂದ ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಜಲಾಂತರ್ಗಾಮಿ ಕಟ್ಟಲು ಕಲಿತೆವು. ಶಲ್ಕಿ 1992ರಲ್ಲಿ, ಶಂಕುಲ್ 1994ರಲ್ಲಿ ಸೇವೆಗೆ ಬಂದವು. ಅಷ್ಟರಲ್ಲಿ ದಲ್ಲಾಳಿ ಹಣದ ಆರೋಪ ಎದ್ದು ಆ ವಹಿವಾಟು ನಿಂತಿತ್ತು. ಆಮೇಲೆ ಎಷ್ಟೋ ವರ್ಷ ಯಾವ ಮೇಜಿನವರೂ ಪೆನ್ನು ಎತ್ತಲಿಲ್ಲ. ದೇಶದೊಳಗೆ ಕಟ್ಟಿದ ಮುಂದಿನ ಸಾಂಪ್ರದಾಯಿಕ ಜಲಾಂತರ್ಗಾಮಿ, ಕಲ್ವರಿ, ಸೇವೆಗೆ ಸೇರಿದ್ದು 2017ರ ಡಿಸೆಂಬರಿನಲ್ಲಿ. ಇಪ್ಪತ್ತಮೂರು ವರ್ಷ! ಜಲಾಂತರ್ಗಾಮಿಯ ದಪ್ಪ ಉಕ್ಕನ್ನು ಬೆಸೆಯಲು ಕಲಿತ ವೆಲ್ಡರ್‌ಗಳು ಅಷ್ಟರಲ್ಲಿ ಬೇರೆ ಕೆಲಸಕ್ಕೋ ನಿವೃತ್ತಿಗೋ ಹೋಗಿದ್ದರು. ಲಂಚ ತಿಂದವನಿಗೆ ಕನಿಷ್ಠ ಕಾನೂನಿನಲ್ಲಿ ಶಿಕ್ಷೆಯಿದೆ. ತೀರ್ಮಾನವನ್ನೇ ಮಾಡದೆ ವರ್ಗಾವಣೆಗೆ ಕಾದು ಕೂತವನಿಗೆ ಏನೂ ಇಲ್ಲ, ಅವನ ಸೇವಾ ದಾಖಲೆ ನಿಷ್ಕಳಂಕ. ವರ್ಗಾವಣೆ ಲಂಚವನ್ನು ಎಷ್ಟು ತಡೆದಿದೆಯೋ ಗೊತ್ತಾಗುವ ದಾರಿಯಿಲ್ಲ. ಹೊಣೆಗೇಡಿತನಕ್ಕೆ ಅದು ಕೊಟ್ಟಿರುವ ಆಸರೆ ಕಣ್ಣಿಗೆ ಕಾಣುತ್ತದೆ. ಲೆಕ್ಕಪರಿಶೋಧನೆ, ಬಹಿರಂಗ ದಾಖಲೆ, ಹೆಸರಿನೊಂದಿಗೆ ಕಾರಣ ಬರೆಯುವ ಕಡ್ಡಾಯ ಇವು ಲಂಚಕ್ಕೆ ಮದ್ದು.

ಎಲ್ಲ ಇಲಾಖೆ ಸುತ್ತಿದ ಅಧಿಕಾರಿಗೆ ದೇಶದ ಒಟ್ಟು ಅಗತ್ಯ ಕಾಣುತ್ತದೆ, ನೌಕಾಪಡೆಗೆ ಹಡಗು ಮಾತ್ರ ಕಾಣುತ್ತದೆ ಎಂಬ ಮಾತೂ ಇದೆ. ನಿಜ. ಶಾಲೆಗೋ ಹಡಗಿಗೋ ಎಂದು ಹಣ ಹಂಚುವಾಗ ಅಂಥವರು ಬೇಕು. ಯಾವ ಬ್ಯಾಟರಿ, ಯಾವಾಗ, ಎಷ್ಟು ಎಂದು ನಿರ್ಧರಿಸುವ ಮೇಜಿಗೆ ಅವರೇ ಬರಬೇಕಾದರೆ, ಪೀಪ್ಸ್ ಮಗ್ಗಿ ಕಲಿತಂತೆ ಕಲಿಯಲು ಕಾಲ ಬೇಕು, ಕಲಿತದ್ದನ್ನು ಬಳಸಲು ಇನ್ನಷ್ಟು ಕಾಲ ಬೇಕು.

ಸುಧಾರಣೆ ಏನೂ ಆಗಿಲ್ಲ ಎನ್ನಲಾರೆ. 2020ರ ಜನವರಿಯಲ್ಲಿ ಜನರಲ್ ಬಿಪಿನ್ ರಾವತ್ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರಾದಾಗ, ಅವರ ಕೈಕೆಳಗೆ ಸೇನಾ ವ್ಯವಹಾರಗಳ ಇಲಾಖೆ ಬಂತು. ಸಚಿವಾಲಯದ ಒಳಗೇ ಸಮವಸ್ತ್ರದವರೂ ಸಿವಿಲಿಯನ್ನರೂ ಒಟ್ಟಿಗೆ ಕಡತ ನೋಡುವಂತಾಯಿತು. ಆದರೆ ಹಡಗು, ಜಲಾಂತರ್ಗಾಮಿಯಂಥ ದೊಡ್ಡ ಖರೀದಿ ರಕ್ಷಣಾ ಕಾರ್ಯದರ್ಶಿಯ ಕಡೆಯೇ ಉಳಿಯಿತು. ಸೀಬರ್ಡ್‌ಗೆ ಜಾಗ ಬಿಟ್ಟುಕೊಟ್ಟ ಅರ್ಗಾ, ಹಾರವಾಡ, ಅವರ್ಸಾದಂಥ ಊರುಗಳ ಕುಟುಂಬಗಳು ಪರಿಹಾರಕ್ಕಾಗಿ ದಶಕಗಟ್ಟಲೆ ಕೋರ್ಟು ಕಚೇರಿ ಅಲೆದದ್ದು ಇದೇ ಕಾಯಿಲೆಯ ಇನ್ನೊಂದು ಮುಖ: ಪ್ರತಿ ಬಾರಿ ಹೊಸ ಅಧಿಕಾರಿ, ಪ್ರತಿ ಬಾರಿ ಮೊದಲಿಂದ ಹೇಳಬೇಕು. ನೌಕಾ ಯೋಜನೆಗಳ ಮೇಜಿಗೆ ಬರುವವರು, ಅಡ್ಮಿರಲ್ ಆಗಲಿ ಐಎಎಸ್ ಆಗಲಿ, ಕನಿಷ್ಠ ಐದು ವರ್ಷ ಅಲ್ಲೇ ಇರಲಿ. ತಡೆದ ಕಡತಕ್ಕೂ ದಾಟಿಸಿದ ಕಡತಕ್ಕೂ ಅವರ ಹೆಸರು ಅಂಟಿರಲಿ, ನಿವೃತ್ತಿಯ ನಂತರವೂ ಸಂಸದೀಯ ಸಮಿತಿ ಅವರನ್ನು ಕರೆದು ಕೇಳುವಂತಾಗಲಿ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ. ಸರ್ಕಾರ ತನ್ನ ಕಾರ್ಯಹಂಚಿಕೆ ನಿಯಮ ಮತ್ತು ವರ್ಗಾವಣೆ ನೀತಿಯನ್ನು ತಿದ್ದಿದರೆ ಸಾಕು.