ಕೆಚಪ್ಪಿಗೆ ನಿಷೇಧ, ಕೋಚಿಗೆ ಕೊಕ್!

ಐದು ಪಂದ್ಯ. ನಾಲ್ಕು ಸೋಲು, ಒಂದು ಡ್ರಾ. ಗಿಟ್ಟಿದ್ದು ಒಂದೇ ಒಂದು ಪಾಯಿಂಟು. ಇಷ್ಟು ಲೆಕ್ಕ ಒಪ್ಪಿಸಿ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಫುಟ್‌ಬಾಲ್ ತಂಡದ ಕೋಚ್ ಪಾವೊಲೊ ಡಿ ಕಾನಿಯೊ 2013ರ ಸೆಪ್ಟೆಂಬರ್ 22ರ ಭಾನುವಾರ ಮನೆಗೆ ಹೋದರು. ಹೋದರು ಅನ್ನೋದಕ್ಕಿಂತ ಕಳಿಸಿದರು ಅನ್ನೋದೇ ಸರಿ. ಹಿಂದಿನ ದಿನ ತಾನೇ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ತಂಡ 3-0ಯಿಂದ ಮಣ್ಣು ಮುಕ್ಕಿತ್ತು. ಮೊದಲ ಗೋಲು ಹೊಡೆದವನು ಸೆಸೆನ್ಯೋ. ಅವನು ಯಾರು ಅಂತೀರಿ? ಕೆಲವೇ ದಿನಗಳ ಹಿಂದೆ ಇದೇ ಸಂಡರ್‌ಲ್ಯಾಂಡ್ ಮಾರಿಬಿಟ್ಟಿದ್ದ ಆಟಗಾರ!

ಸೋಲಿನ ಬೆನ್ನಿಗೇ ಹಿರಿಯ ಆಟಗಾರರು ಆಡಳಿತದವರ ಬಳಿ ಹೋಗಿ, ‘ಈ ಮನುಷ್ಯನ ಕೈಕೆಳಗೆ ಇನ್ನು ಆಗೋದಿಲ್ಲ’ ಎಂಬರ್ಥದಲ್ಲಿ ಅಳಲು ತೋಡಿಕೊಂಡರೆಂದು ಅಲ್ಲಿನ ಪತ್ರಿಕೆಗಳು ಬರೆದವು.

ಡಿ ಕಾನಿಯೊ ಇಟಲಿಯವರು. ಆಡುವ ಕಾಲದಲ್ಲೇ ಮೂಗಿನ ತುದಿಯಲ್ಲಿ ಕೋಪ. ಕೋಚ್ ಆದ ಮೇಲೆ ತಾಲೀಮಿನ ಜಾಗದಲ್ಲಿ ಅವರು ಹಾಕಿದ ಕಾನೂನು ಒಂದೆರಡಲ್ಲ. ಮೊಬೈಲ್ ತರುವಂತಿಲ್ಲ, ತಂದರೆ ಸಮುದ್ರಕ್ಕೆ ಎಸೀತೀನಿ ಅಂದರು. ಊಟದಲ್ಲಿ ಕೆಚಪ್ ಇಲ್ಲ, ಮೇಯನೇಸ್ ಇಲ್ಲ, ಕಾಫಿಯೂ ಇಲ್ಲ. ಕೋಲಾ ಕುಡಿದರೆ ಅದಕ್ಕೆ ಐಸ್ ಹಾಕೋ ಹಾಗಿಲ್ಲ. ಅದರ ಮೇಲೆ ಮೈ ಹಣ್ಣಾಗುವ ತಾಲೀಮು.

ಇದನ್ನೆಲ್ಲ ಓದಿದವರು ಆಟಗಾರರ ಮೇಲೆ ಮರುಕ ತೋರಿಸುವುದು ಕಷ್ಟ. ವಾರಕ್ಕೆ ಸಾವಿರಾರು ಪೌಂಡ್ ಎಣಿಸೋ ಜನ, ಎರಡು ಸುತ್ತು ಹೆಚ್ಚು ಓಡು ಅಂದರೆ ಗೊಣಗೋದು ಯಾವ ನ್ಯಾಯ? ಡಬಲ್ ಡ್ಯೂಟಿ ಮಾಡಿ ರಾತ್ರಿ ಡಿಪೋಗೆ ಬಸ್ ತಂದು ನಿಲ್ಲಿಸೋ ಕಂಡಕ್ಟರು ಕೇಳಿದರೆ ನಗುತ್ತಾನೆ. ಗರಡಿಮನೆಯ ಹುಡುಗರು ಬೆಳಗಿನ ಜಾವವೇ ಎದ್ದು ಸಾಮು ಮಾಡೋದಿಲ್ಲವೇ?

ಆದರೆ ವಿಷಯ ಅಷ್ಟು ಸಲೀಸಲ್ಲ.

ಇದೇ ಡಿ ಕಾನಿಯೊ ಅದೇ ವರ್ಷ ಮಾರ್ಚ್ 31ರಂದು ಬಂದಾಗ ಉಳಿದದ್ದು ಏಳೇ ಪಂದ್ಯ, ತಂಡ ಕೆಳ ದರ್ಜೆಗೆ ಜಾರುವ ಅಂಚಿನಲ್ಲಿತ್ತು. ಏಪ್ರಿಲ್ 14ರಂದು ನೆರೆಯ ಬದ್ಧ ವೈರಿ ನ್ಯೂಕ್ಯಾಸಲ್ಲನ್ನು ಅವರ ಅಂಗಳದಲ್ಲೇ 3-0ಯಿಂದ ಬಡಿದು ಹಾಕಿದರು. ಕೋಚ್ ಸಾಹೇಬರು ಸೂಟು ಬೂಟಿನಲ್ಲೇ ಹುಲ್ಲಿನ ಮೇಲೆ ಮಂಡಿಯೂರಿ ಜಾರಿದರು, ಪ್ಯಾಂಟೆಲ್ಲ ಮಣ್ಣು. ಊರಿಗೆ ಊರೇ ಕುಣಿಯಿತು. ತಂಡ 17ನೇ ಸ್ಥಾನದಲ್ಲಿ ಬಚಾವಾಯಿತು. ಆವತ್ತು ಅವರ ಬಿಗಿ ‘ಶಿಸ್ತು’ ಅನ್ನಿಸಿಕೊಂಡಿತು. ಐದು ತಿಂಗಳಲ್ಲಿ ಅದೇ ಬಿಗಿ ‘ಚಿತ್ರಹಿಂಸೆ’ ಆಯಿತು!

ಜರ್ಮನಿಯ ಫೆಲಿಕ್ಸ್ ಮಾಗತ್ ಕತೆಯೂ ಇದೇ. ಭಾರದ ಚೆಂಡು ಹೊರಿಸಿ ಗುಡ್ಡದ ಮೆಟ್ಟಿಲು ಹತ್ತಿಸುತ್ತಿದ್ದ ಆಸಾಮಿ. ‘ಹಿಂಸೆ’ ಎಂಬ ಜರ್ಮನ್ ಮಾತನ್ನು ಅವರ ಹೆಸರಿಗೇ ಅಂಟಿಸಿ ‘ಕ್ವೇಲಿಕ್ಸ್’ ಅಂತ ಕರೆಯುತ್ತಿದ್ದರು. 2009ರಲ್ಲಿ ವೊಲ್ಫ್ಸ್‌ಬರ್ಗ್ ತಂಡಕ್ಕೆ ಮೊಟ್ಟಮೊದಲ ಬುಂಡೆಸ್‌ಲಿಗಾ ಕಿರೀಟ ತೊಡಿಸಿದಾಗ ಆ ಗುಡ್ಡಕ್ಕೆ ಎಲ್ಲರೂ ಕೈಮುಗಿದರು. 2012ರಲ್ಲಿ ಅದೇ ಊರಲ್ಲಿ ಎಂಟು ಪಂದ್ಯಕ್ಕೆ ಐದು ಪಾಯಿಂಟು ಬಂದಾಗ ಮಾಗತ್ ಗಂಟುಮೂಟೆ ಕಟ್ಟಿದರು.

ಹಾಗಾದರೆ ಆಟಗಾರರ ಗೊಣಗಾಟವೆಲ್ಲ ಸೋಲಿನ ನೆಪವೇ? ಅರ್ಧ ಹೌದು. ಗೆದ್ದಾಗ ಮೈನೋವು ಯಾರಿಗೂ ನೆನಪಾಗೋದಿಲ್ಲ. ಉಳಿದರ್ಧ ಮಾತ್ರ ಕೋಚಿನ ಲೆಕ್ಕಕ್ಕೇ ಬರೆಯಬೇಕು. ಡಿ ಕಾನಿಯೊ ಓಡಿಸಿದ್ದು ತಪ್ಪಲ್ಲ. ಸೋತ ಮೇಲೆ ಮೈಕಿನ ಮುಂದೆ ಕೂತು ತನ್ನದೇ ಹುಡುಗರ ಮಾನ ಹರಾಜು ಹಾಕಿದ್ದು ತಪ್ಪು. ಕ್ರಿಸ್ಟಲ್ ಪ್ಯಾಲೇಸ್ ಎದುರು 3-1ರಿಂದ ಸೋತಾಗ ಕೆಂಪು ಕಾರ್ಡು ಕಂಡ ನಾಯಕ ಜಾನ್ ಓಷಿಯಾ ಮೇಲೆ ಪತ್ರಕರ್ತರ ಎದುರೇ ಹರಿಹಾಯ್ದರು. ಅಂಗಡಿ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಡುಗನನ್ನು ಗೋದಾಮಿನಲ್ಲಿ ದಿನವಿಡೀ ಮೂಟೆ ಹೊರಿಸಿ, ಹೊರುತ್ತಾನೆ. ಗಿರಾಕಿ ಎದುರಿಗೆ ಬೈದು ನೋಡಿ, ಮಾರನೇ ದಿನ ಎದುರಂಗಡಿಯಲ್ಲಿ ತಕ್ಕಡಿ ಹಿಡಿದಿರುತ್ತಾನೆ.

ಆ ಬೇಸಿಗೆಯಲ್ಲಿ ತಂಡಕ್ಕೆ ಬಂದ ಹೊಸಬರೇ 14 ಮಂದಿ. ಒಬ್ಬೊಬ್ಬರದು ಒಂದೊಂದು ದೇಶ, ಒಂದೊಂದು ಭಾಷೆ. ಒಬ್ಬರ ಹೆಸರು ಇನ್ನೊಬ್ಬರಿಗೆ ಬಾಯಿಗೆ ಬರೋ ಮುಂಚೆ ನಾಲ್ಕು ಪಂದ್ಯ ಸೋತಾಗಿತ್ತು. ಇವರನ್ನು ಕೊಂಡು ತಂದ ಆಡಳಿತದವರ ಗುಂಡಿಗೆ ಯಾರೂ ಕೈಹಾಕಿ ಕೇಳಲಿಲ್ಲ, ಅದಿರಲಿ.

ಕೋಚ್ ಹೋದದ್ದೇ ತಡ ತಂಡ ಮೇಲೆದ್ದಿತು ಅಂದುಕೊಂಡರೆ ಅದೂ ಸುಳ್ಳು. ಗುಸ್ ಪೊಯೆಟ್ ಬಂದ ಮೇಲೂ, 2014ರ ಏಪ್ರಿಲ್‌ನಲ್ಲಿ, ಪಟ್ಟಿಯ ತಳದಲ್ಲೇ ಬಿದ್ದಿದ್ದರು. ಕೊನೆಗೆ ಚೆಲ್ಸಿಯನ್ನೂ ಮ್ಯಾಂಚೆಸ್ಟರ್ ಯುನೈಟೆಡ್ಡನ್ನೂ ಅವರವರ ಮನೆಯಲ್ಲೇ ಮಣಿಸಿ 14ನೇ ಸ್ಥಾನಕ್ಕೆ ಏರಿದರು. ಕೆಚಪ್ ವಾಪಸ್ ಬಂದದ್ದರಿಂದಲೇ ಗೆದ್ದರು ಅಂತ ಯಾರೂ ಪ್ರಮಾಣ ಮಾಡಲಾರರು.

ಇನ್ನೊಂದು ತಮಾಷೆ ನೋಡಿ. ಡಿ ಕಾನಿಯೊಗೆ ಕೊಕ್ ಬಿದ್ದ ಅದೇ ಭಾನುವಾರ ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತನ್ನ ಚೊಚ್ಚಲ ಐ-ಲೀಗ್ ಪಂದ್ಯವಾಡಿ ಮೋಹನ್ ಬಾಗಾನ್ ಜೊತೆ 1-1 ಡ್ರಾ ಮಾಡಿಕೊಂಡಿತು. ಕೋಚ್ ಆಶ್ಲಿ ವೆಸ್ಟ್‌ವುಡ್ ಇಂಗ್ಲೆಂಡಿನವರೇ, ಅವರೂ ಮೆತ್ತಗಿನ ಆಸಾಮಿಯಲ್ಲ. ಊಟ, ಮೈಕಟ್ಟು, ತಾಲೀಮು ಎಲ್ಲದರಲ್ಲೂ ಬಿಗಿ. ಮೊದಲ ವರ್ಷವೇ ಸುನಿಲ್ ಛೆತ್ರಿಯ ಪಡೆ ಲೀಗ್ ಗೆದ್ದಿತು. ಊಟದಲ್ಲಿ ಉಪ್ಪುಖಾರ ಕಮ್ಮಿ ಅಂತ ಯಾರಾದರೂ ಆಮೇಲೆ ದೂರಿದರೇ? ಮೊದಲ ಐದು ಪಂದ್ಯ ಸೋತಿದ್ದರೆ ಮಾತು ಬೇರೆಯಾಗುತ್ತಿತ್ತೋ ಏನೋ.

ಈ ಜಗಳದಲ್ಲಿ ಯಾರೂ ಕೇಳದೆ ಬಿಟ್ಟವರೆಂದರೆ ಟಿಕೆಟ್ ಕೊಂಡವರು. ಸಂಡರ್‌ಲ್ಯಾಂಡ್ ಎಂದರೆ ಹಡಗು ಕಟ್ಟಿ, ಕಲ್ಲಿದ್ದಲು ಅಗೆದು ಬದುಕಿದ ಊರು. ಕೊನೆಯ ಹಡಗುಕಟ್ಟೆಗಳಿಗೆ 1988ರಲ್ಲಿ ಬೀಗ ಬಿತ್ತು. ಗಣಿ 1993ರಲ್ಲಿ ಮುಚ್ಚಿತು. ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಊರು ಏನಾಯಿತೆಂದು ಕಂಡವರಿಗೆ ಇದು ಅರ್ಥವಾಗುತ್ತದೆ. ಆ ಕಲ್ಲಿದ್ದಲು ಗಣಿಯ ನೆಲದ ಮೇಲೇ 1997ರಲ್ಲಿ ಕ್ರೀಡಾಂಗಣ ಎದ್ದಿತು. ಹೊರಗೆ ಗಣಿ ಕೆಲಸಗಾರರ ದೀಪದ್ದೊಂದು ದೊಡ್ಡ ಪ್ರತಿಮೆ ನಿಲ್ಲಿಸಿದ್ದಾರೆ. ಅಪ್ಪ, ತಾತ ನೆಲದಡಿ ಬೆವರು ಸುರಿಸಿದ ಜಾಗದಲ್ಲಿ ಕೂತವರಿಗೆ ಆಟಗಾರ ಬೆವರಿದನೋ ಇಲ್ಲವೋ ಎಂಬುದು ಬೇಗ ಗೊತ್ತಾಗುತ್ತದೆ.

ಆಮೇಲೆ ತಂಡ 2017ರಲ್ಲೂ 2018ರಲ್ಲೂ ಸಾಲಾಗಿ ಎರಡು ದರ್ಜೆ ಕೆಳಗಿಳಿಯಿತು. ಮತ್ತೆ ಮೇಲಿನ ದರ್ಜೆಗೆ ಹತ್ತಿದ್ದು 2025ರಲ್ಲಿ. ಆ ನಡುವೆ ಎಷ್ಟು ಕೋಚುಗಳು ಬಂದರು, ಎಷ್ಟು ಮಂದಿ ಹೋದರು! 2018ರ ಡಿಸೆಂಬರ್ 26ರಂದು, ಮೂರನೇ ದರ್ಜೆಯಲ್ಲಿ ಆಡುವಾಗ, ಬ್ರಾಡ್‌ಫರ್ಡ್ ವಿರುದ್ಧದ ಪಂದ್ಯಕ್ಕೆ ಆ ಚಳಿಯಲ್ಲಿ 46 ಸಾವಿರ ಜನ ಬಂದು ಕೂತಿದ್ದರು.