ಕೊಪ್ಪರಿಗೆ ಯಾರದು?

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಿಕ್ ಕಡಲ ದಡದ ಮೇಲೆ, ಬ್ರನ್ಸ್‌ವಿಕ್ ಎಂಬ ಊರಿದೆ. ಆ ಊರಿನಲ್ಲೊಂದು ಸ್ಮಾರಕವಿದೆ. ಸೇನಾಪತಿಯದಲ್ಲ, ಕವಿಯದಲ್ಲ, 25 ಗ್ಯಾಲನ್ ಹಿಡಿಸುವ ಒಂದು ಹಳೆಯ ಕಬ್ಬಿಣದ ಕೊಪ್ಪರಿಗೆಯದು. ‘ಬ್ರನ್ಸ್‌ವಿಕ್ ಸ್ಟ್ಯೂ’ ಎಂಬ ಅಡಿಗೆ ಮೊಟ್ಟಮೊದಲು ಬೆಂದದ್ದು ಈ ಕೊಪ್ಪರಿಗೆಯಲ್ಲೇ, 1898ನೆಯ ಜುಲೈ 2ರಂದು, ಸೇಂಟ್ ಸೈಮನ್ಸ್ ದ್ವೀಪದಲ್ಲಿ ಎಂದು ಅಲ್ಲಿನ ಫಲಕ ಸಾರುತ್ತದೆ. ಇದನ್ನು ಕೇಳಿದರೆ ವರ್ಜೀನಿಯಾ ರಾಜ್ಯದವರು ನಗುತ್ತಾರೆ. ಅವರಲ್ಲಿ ಬ್ರನ್ಸ್‌ವಿಕ್ ಎಂಬ ಒಂದು ಜಿಲ್ಲೆಯೇ ಇದೆ. ಅಡಿಗೆ ಹುಟ್ಟಿದ್ದು ಅಲ್ಲಿ, 1828ರಲ್ಲಿ ಎಂಬುದು ಅವರ ವಾದ. ವಾದವನ್ನು ವಾದವಾಗಿ ಬಿಡಲೂ ಅವರು ಸಿದ್ಧರಿರಲಿಲ್ಲ. 1988ರಲ್ಲಿ ರಾಜ್ಯದ ಶಾಸನಸಭೆಯೇ ಗೊತ್ತುವಳಿ ಮಾಡಿ, ಈ ಸ್ಟ್ಯೂವಿನ ಮೂಲಸ್ಥಾನ ತಮ್ಮ ಬ್ರನ್ಸ್‌ವಿಕ್ ಜಿಲ್ಲೆಯೇ ಎಂದು ಘೋಷಿಸಿತು. ಒಂದು ಸಾರಿಗೆ ಎರಡು ತವರುಮನೆ!

ಬಿಡುವಾದ ಜನರ ವಿನೋದದ ಜಗಳ ಇದು, ನಮಗೇಕೆ ಎಂದು ಓದುಗರು ಕೇಳಬಹುದು. ವಿನೋದವೆಂದು ನನಗೆ ತೋರುವುದಿಲ್ಲ. ಎರಡು ಪಕ್ಷಗಳೂ ತಪ್ಪಿವೆ. ಆ ತಪ್ಪು ನಿರುಪದ್ರವಿಯೂ ಅಲ್ಲ.

ಮೊದಲು, ಪದಾರ್ಥವೇನೆಂದು ತಿಳಿಯಬೇಕಷ್ಟೆ. ಸ್ಟ್ಯೂ ಎಂದರೆ ಮಾಂಸ, ತರಕಾರಿಗಳನ್ನು ಒಂದೇ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದ ಗಟ್ಟಿ ಸಾರು. ಬ್ರನ್ಸ್‌ವಿಕ್ ಸ್ಟ್ಯೂವಿಗೆ ಈಗ ಕೋಳಿ, ಟೊಮೇಟೊ, ಮುಸುಕಿನ ಜೋಳ, ನಮ್ಮ ಬೆಂಗಳೂರಿನ ಮಾರುಕಟ್ಟೆಯಲ್ಲಿ ಡಬಲ್ ಬೀನ್ಸ್ ಎನ್ನುತ್ತಾರಲ್ಲ ಆ ಕಾಳು, ಆಲೂಗಡ್ಡೆ, ಈರುಳ್ಳಿ ಬೀಳುತ್ತವೆ. ನಾಲ್ಕು ಜನರಿಗಾಗಿ ಇದನ್ನು ಮಾಡಿದರೆ ಅದಕ್ಕೆ ಅರ್ಥವಿಲ್ಲ. ಬೆಳಕು ಹರಿಯುವ ಮೊದಲೇ ಬಯಲಿನಲ್ಲಿ ಒಲೆ ಹೊತ್ತಬೇಕು. ಜೋಳ, ಆಲೂಗಡ್ಡೆ ತಳಕ್ಕೆ ಕೂತರೆ ಸೀದು ಹೋಗುತ್ತದಾದ್ದರಿಂದ ದೋಣಿಯ ಹುಟ್ಟಿನಷ್ಟು ಉದ್ದದ ಮರದ ಸಟ್ಟುಗದಿಂದ ಗಂಟೆಗಟ್ಟಲೆ ತಿರುವುತ್ತಲೇ ಇರಬೇಕು. ಒಬ್ಬನ ತೋಳು ಸೋತರೆ ಇನ್ನೊಬ್ಬ ಬರಬೇಕು. ಸಟ್ಟುಗ ಆಸರೆಯಿಲ್ಲದೆ ಸ್ಟ್ಯೂವಿನ ನಡುವೆ ನೆಟ್ಟಗೆ ನಿಂತಿತೆಂದರೆ ಅಡಿಗೆಯಾಯಿತು ಎಂದು ಲೆಕ್ಕ.

ಇನ್ನು ವರ್ಜೀನಿಯಾದ ಕಥೆ. ಡಾಕ್ಟರ್ ಕ್ರೀಡ್ ಹ್ಯಾಸ್ಕಿನ್ಸ್ ಎಂಬ ಶಾಸನಸಭಾ ಸದಸ್ಯರು ಗೆಳೆಯರೊಡನೆ ಬೇಟೆಗೆ ಹೋದರು. ಅಡಿಗೆಗೆಂದು ಜೊತೆಯಲ್ಲಿ ಬಂದವನು, ಕಥೆಯ ಪ್ರಕಾರ, ಅವರ ಗುಲಾಮ ಜಿಮ್ಮಿ ಮ್ಯಾಥ್ಯೂಸ್. ಒಡೆಯರು ಬೇಟೆಯಲ್ಲಿದ್ದಾಗ ಅವನು ತಾನೇ ಒಂದಷ್ಟು ಅಳಿಲು ಹೊಡೆದು ಬೆಣ್ಣೆ, ಈರುಳ್ಳಿ, ಒಣಗಿದ ಬ್ರೆಡ್ಡು ಹಾಕಿ ಕುದಿಸಿದ. (ಅಳಿಲು ಎಂದೊಡನೆ ಸೇತುವೆ ಕಟ್ಟಿದ ಕಥೆ ನೆನೆದು ನಮ್ಮ ಓದುಗರು ಮುಖ ಹಿಂಡಿಕೊಂಡಾರು. ಆ ಕಾಡಿನಲ್ಲಿ ಸುಲಭವಾಗಿ ಸಿಗುತ್ತಿದ್ದ ಬೇಟೆ ಅದು.) ಬೇಟೆಗಾರರು ಮೊದಲು ಅನುಮಾನಿಸಿ, ರುಚಿ ನೋಡಿ, ಮತ್ತಷ್ಟು ಬಡಿಸು ಎಂದರಂತೆ.

ಜಾರ್ಜಿಯಾದ ವಾದವನ್ನು ಕೆಡಹುವುದಕ್ಕೆ ಹೆಚ್ಚು ಶ್ರಮ ಬೇಡ. ಮೇರಿಯನ್ ಹಾರ್ಲೆಂಡ್ ಎಂಬ ಕಾವ್ಯನಾಮದ ಲೇಖಕಿ 1871ರಲ್ಲಿ ಪ್ರಕಟಿಸಿದ ಗೃಹಕೃತ್ಯದ ಪುಸ್ತಕದಲ್ಲೇ ಬ್ರನ್ಸ್‌ವಿಕ್ ಸ್ಟ್ಯೂ ಇದೆ. ಹೆಸರು ಬಂದದ್ದು ವರ್ಜೀನಿಯಾದ ಜಿಲ್ಲೆಯಿಂದ ಎಂದೂ ಇದೆ. ಪುಸ್ತಕದಲ್ಲಿ ಅಚ್ಚಾದ 27 ವರ್ಷಗಳ ಮೇಲೆ ಹುಟ್ಟಿತೆಂದರೆ ಅದು ಪುನರ್ಜನ್ಮವೇ ಇರಬೇಕು.

ಹಾಗಾದರೆ ವರ್ಜೀನಿಯಾ ಗೆದ್ದಿತೆ? ಇಲ್ಲ. 1828ರ ಅಡಿಗೆ ಹೇಗಿತ್ತೆಂದು ಅವರೇ ಹೇಳುತ್ತಾರೆ: ಅಳಿಲು, ಬ್ರೆಡ್ಡು, ಬೆಣ್ಣೆ, ಈರುಳ್ಳಿ. ಇಂದಿನದರಲ್ಲಿ ಅಳಿಲಿಲ್ಲ, ಬ್ರೆಡ್ಡಿಲ್ಲ. ಅಂದಿನದರಲ್ಲಿ ಜೋಳವಿರಲಿಲ್ಲ, ಕಾಳಿರಲಿಲ್ಲ, ಟೊಮೇಟೊ ಇರಲಿಲ್ಲ. ಈ ಎರಡಕ್ಕೂ ಒಂದೇ ಜಾತಕ ಬರೆಯುವುದು ಹೇಗೆ? ಜೋಳ, ಕಾಳುಗಳನ್ನು ಬೇಟೆಯ ಮಾಂಸದೊಡನೆ ಮಡಕೆಯಲ್ಲಿ ಬೇಯಿಸುವುದನ್ನು ಆ ನೆಲದ ಮೂಲನಿವಾಸಿಗಳು ಬಿಳಿಯರ ಹಡಗು ಬರುವುದಕ್ಕೆ ಎಷ್ಟೋ ಮೊದಲೇ ಬಲ್ಲವರಾಗಿದ್ದರು. ಅವರಲ್ಲಿ ಯಾರೂ ಗೊತ್ತುವಳಿ ಮಂಡಿಸಲಿಲ್ಲ.

ನನ್ನನ್ನು ನಿಜವಾಗಿ ಕೆಣಕುವುದು ಇದಲ್ಲ. ಈ ಕಥೆಯನ್ನು ಹೇಳಲು ವರ್ಜೀನಿಯಾ ರಾಜ್ಯ ರಸ್ತೆಬದಿಯಲ್ಲಿ ನೆಡಿಸಿದ ಫಲಕದ ಒಕ್ಕಣೆಯನ್ನು ನೋಡಬೇಕು. ಡಾಕ್ಟರ್ ಹ್ಯಾಸ್ಕಿನ್ಸರಿಗೆ ಅಲ್ಲಿ ‘ಡಾಕ್ಟರ್’ ಎಂಬ ಬಿರುದಿದೆ. ಮ್ಯಾಥ್ಯೂಸ್ ಅವರ ‘ಬಿಡಾರದ ಅಡಿಗೆಯವ’. ಅಷ್ಟೇ! ಸಂಬಳ ಎಣಿಸಿಕೊಂಡು, ಬೇಡವಾದ ದಿನ ಚೀಲ ಹೆಗಲಿಗೇರಿಸಿ ಹೊರಟುಹೋಗಬಹುದಾಗಿದ್ದ ಬಾಣಸಿಗನೋ ಎಂಬಂತೆ. ‘ಗುಲಾಮ’ ಎಂಬ ಒಂದು ಮಾತನ್ನು ಕೆತ್ತಲು ಲೋಹದಲ್ಲಿ ಜಾಗ ಸಾಲಲಿಲ್ಲವೆ? ಆ ಬೇಟೆಯಾದ ಮೂರೇ ವರ್ಷಕ್ಕೆ, 1831ರಲ್ಲಿ, ಅದೇ ಸೀಮೆಯ ಸೌತ್‌ಹ್ಯಾಂಪ್ಟನ್ ಜಿಲ್ಲೆಯಲ್ಲಿ ನ್ಯಾಟ್ ಟರ್ನರನ ಮುಂದಾಳುತನದಲ್ಲಿ ಗುಲಾಮರು ದಂಗೆಯೆದ್ದರು. ಬೇಟೆಯ ಬಿಡಾರದ ಕಥೆಯಲ್ಲಿ ಆ ಕಾಲದ ಹೊಗೆಯ ವಾಸನೆಯೇ ಇಲ್ಲ.

ಜನರ ಬಾಯಲ್ಲಿ ಅವನು ‘ಅಂಕಲ್ ಜಿಮ್ಮಿ’. ನಾವು ಮಾವ ಎಂದರೂ ಚಿಕ್ಕಪ್ಪ ಎಂದರೂ ಅದರಲ್ಲಿ ಅಕ್ಕರೆಯುಂಟು, ಮರ್ಯಾದೆಯುಂಟು. ಆದ್ದರಿಂದ ‘ಅಂಕಲ್’ ಎಂದುದನ್ನು ಕೇಳಿ ನಮ್ಮವರು ಮೆಚ್ಚಿ ತಲೆದೂಗಿಯಾರು. ಅಮೆರಿಕದ ದಕ್ಷಿಣದಲ್ಲಿ ಆ ಮಾತಿನ ಕೆಲಸವೇ ಬೇರೆ. ವಯಸ್ಸಾದ ಕಪ್ಪುವರ್ಣೀಯನನ್ನು ‘ಮಿಸ್ಟರ್’ ಎನ್ನಬಾರದೆಂದು ಬಿಳಿಯರು ಕಂಡುಕೊಂಡ ಉಪಾಯ ಅದು. ಮರ್ಯಾದೆ ಕೊಡದಿರುವುದಕ್ಕಾಗಿ ಕೊಟ್ಟ ನಂಟು!

ಊಟ ಎಲ್ಲರದು, ತಿರುವಿದ ತೋಳು ಗುಲಾಮನದು, ಹೆಸರು ಮಾತ್ರ ಜಿಲ್ಲೆಯದು. ಊರೊಟ್ಟಿನ ಅಡಿಗೆಗೆ ಒಬ್ಬ ಜನಕನನ್ನು ಹುಡುಕಹೊರಟರೆ ಆಗುವುದು ಹೀಗೆಯೇ. ಬರೆಯಬಲ್ಲವರು ಯಾರೋ ಅವರ ಹೆಸರು ಬರೆದಿಡುತ್ತಾರೆ. ಬೇಯಿಸಿದವರು ಹೊಗೆಯೊಡನೆ ಹೋಗುತ್ತಾರೆ.

ಬ್ರನ್ಸ್‌ವಿಕ್ಕಿಗೆ ಮಾತ್ರ ಅಂಟಿದ ರೋಗವಲ್ಲ ಇದು. ಕೆಂಟಕಿ ರಾಜ್ಯದಲ್ಲಿ ‘ಬರ್ಗೂ’ ಎಂಬ ಸ್ಟ್ಯೂ ಇದೆ. ಓವೆನ್ಸ್‌ಬರೋ ಸುತ್ತಿನ ಕ್ಯಾಥೊಲಿಕ್ ಇಗರ್ಜಿಗಳ ವನಭೋಜನಗಳಲ್ಲಿ ಕುರಿಮಾಂಸ ಹಾಕಿ ಮಾಡುತ್ತಾರೆ. ಚುನಾವಣೆಯ ಭಾಷಣಗಳಿಗೆ ಜನ ಸೇರಿಸಲೂ ಒಂದು ಕಾಲಕ್ಕೆ ಇದೇ ಉಪಾಯ. ಅದಕ್ಕೂ ಒಬ್ಬ ಜನಕ ಬೇಕಾಯಿತು: ಅಂತರ್ಯುದ್ಧದ ಕಾಲದ ಗಸ್ ಜೊಬೇರ್. ಸಿಪಾಯಿಗಳಿಗಾಗಿ ಹಕ್ಕಿಗಳ ಸ್ಟ್ಯೂ ಮಾಡಿದಾಗ ಅದರ ಹೆಸರು ಹೇಳಲು ಹೋಗಿ ನಾಲಿಗೆ ತೊಡರಿ ‘ಬರ್ಗೂ’ ಆಯಿತೆಂದು ಕಥೆ ಕಟ್ಟಿದ್ದಾರೆ. ಆದರೆ ಇಂಗ್ಲಿಷ್ ನಾವಿಕರು ಹದಿನೆಂಟನೆಯ ಶತಮಾನದಲ್ಲೇ ತಮ್ಮ ಓಟ್ಸ್ ಗಂಜಿಗೆ ಬರ್ಗೂ ಎನ್ನುತ್ತಿದ್ದರು. ಆ ಪದಕ್ಕೆ ಮೂಲ ಅರಬರ, ತುರ್ಕರ ‘ಬುರ್ಗುಲ್’ ಎಂದು ಪಂಡಿತರ ಮತ. ಅದು ನಮ್ಮ ಗೋಧಿನುಚ್ಚಿನ ಬಂಧು. ತುರ್ಕಿಯ ನುಚ್ಚು ಹಡಗು ಹತ್ತಿ ಕೆಂಟಕಿಯಲ್ಲಿ ಇಳಿದ ಕಥೆ ಸಿಪಾಯಿಯ ನಾಲಿಗೆಯ ಕಥೆಗಿಂತ ಎಷ್ಟು ಸೊಗಸಾಗಿದೆ! ಜೊಬೇರನ ತರುವಾಯ ಜೆ. ಟಿ. ಲೂನಿ ಎಂಬವರಿಗೆ ‘ಬರ್ಗೂ ರಾಜ’ ಎಂಬ ಪಟ್ಟ ಬಂತು. ಅದೇ ಹೆಸರಿಟ್ಟ ಕುದುರೆಯೊಂದು 1932ರ ಕೆಂಟಕಿ ಡರ್ಬಿಯನ್ನು ಗೆದ್ದಿತು. ಸಟ್ಟುಗ ಹಿಡಿದ ಉಳಿದವರ ಹೆಸರು ಕುದುರೆಗೂ ಬೇಡವಾಯಿತು.

ಉತ್ತರದ ವಿಸ್ಕಾನ್ಸಿನ್ನಿನಲ್ಲಿ, ಗ್ರೀನ್ ಬೇ ಪಟ್ಟಣದ ಆಸುಪಾಸಿನಲ್ಲಿ, ‘ಬೂಯಾ’ ಇದೆ. 1853ರಿಂದ ಈಚೆಗೆ ಅಲ್ಲಿ ನೆಲಸಿದ ಬೆಲ್ಜಿಯಮ್ಮಿನ ವಲ್ಲೂನ್ ರೈತರ ಅಡಿಗೆ. ಅಲ್ಲಿಯೂ ಒಂದು ಕಥೆ: ರೆಂಟ್‌ಮೀಸ್ಟರ್ ಎಂಬ ಶಾಲಾ ಉಪಾಧ್ಯಾಯರು ಶಾಲೆಗಾಗಿ ಹಣ ಕೂಡಿಸಲು ಭೋಜನ ಏರ್ಪಡಿಸಿ, ಪತ್ರಿಕೆಯವರಿಗೆ ಫ್ರೆಂಚಿನಲ್ಲಿ ‘ಬೂಯೋಂ’ ಎಂದರಂತೆ, ಕೇಳಿದವನು ‘ಬೂಯಾ’ ಎಂದು ಬರೆದುಕೊಂಡನಂತೆ. ಪತ್ರಿಕೆಗಳಲ್ಲಿ ಅಚ್ಚಿನ ತಪ್ಪು ನಡೆಯುವುದಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಆದರೂ ಐವತ್ತು ವರ್ಷ ಆ ಪದವನ್ನು ನುಡಿದ ರೈತರ ನಾಲಿಗೆಯೇ ಅದನ್ನು ಸವೆಸಿರಬಹುದೆಂದು ಯಾರಿಗೂ ಏಕೆ ಹೊಳೆಯುವುದಿಲ್ಲ?

ಬೂಯಾದಲ್ಲಿ ಕೋಳಿ, ದನದ ಮಾಂಸ, ಎಲುಬುಗಳನ್ನು ಬಟ್ಟೆಯಲ್ಲಿ ಕಟ್ಟಿ ಕುದಿಸುತ್ತಾರೆ. ಎಲುಬನ್ನು ತೆಗೆದ ಮೇಲೆ ಕೋಸು, ಗಜ್ಜರಿ, ಬಟಾಣಿ, ಆಲೂಗಡ್ಡೆ. ಕೊಪ್ಪರಿಗೆ 50 ಗ್ಯಾಲನ್ನಿನದೂ ಉಂಟು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ರುಚಿಯ ಸಂಗತಿಯಲ್ಲ, ಮಾತಿನ ಸಂಗತಿ. ಬೂಯಾ ಎಂದರೆ ಅಡಿಗೆಯೂ ಹೌದು, ಅದಕ್ಕಾಗಿ ಸೇರುವ ಕೂಟವೂ ಹೌದು. “ಭಾನುವಾರ ಇಗರ್ಜಿಯಲ್ಲಿ ಬೂಯಾ” ಎಂದರೆ ಎರಡೂ ಬಂದಂತಾಯಿತು. ಕೆಂಟಕಿಯ ಬರ್ಗೂವಿಗೂ ಇದೇ ಎರಡರ್ಥ. ಶಾಸನಸಭೆಗೆ ತಿಳಿಯದ್ದು ಆ ರೈತರ ಭಾಷೆಗೆ ತಿಳಿದಿತ್ತು. ಕೋಳಿ ಬದಲಾಗಬಹುದು, ಕುರಿ ಬದಲಾಗಬಹುದು, ಅಳಿಲು ಮಾಯವಾಗಬಹುದು. ಕೂಟ ತಪ್ಪಿದರೆ ಅಡಿಗೆಯೂ ತಪ್ಪಿತು.

ಈ ಕೂಟಗಳಿಂದ ನಡೆಯುವ ಕೆಲಸ ಕಡಿಮೆಯದೇನಲ್ಲ. ಅಮೆರಿಕದ ಬೆಂಕಿ ಆರಿಸುವವರಲ್ಲಿ ಬಹುಪಾಲು ಮಂದಿ ಸಂಬಳವಿಲ್ಲದ ಸ್ವಯಂಸೇವಕರು. ವರ್ಜೀನಿಯಾದ ಹಳ್ಳಿಗಳಲ್ಲಿ ಆ ದಳದವರೇ ಇರುಳೆದ್ದು ಸ್ಟ್ಯೂ ಬೇಯಿಸಿ, ಕ್ವಾರ್ಟ್ ಲೆಕ್ಕದಲ್ಲಿ ಮಾರಿ, ಬಂದ ಹಣವನ್ನು ತಮ್ಮ ವಾಹನಕ್ಕೂ ನೀರಿನ ಕೊಳವೆಗೂ ಹಾಕುತ್ತಾರೆ. ಒಂದು ಬೆಂಕಿಯಿಂದ ಇನ್ನೊಂದು ಬೆಂಕಿಯನ್ನು ಆರಿಸುವ ಈ ಜಾಣ್ಮೆಗೆ ಸ್ಮಾರಕ ಕಟ್ಟಿದ್ದರೆ ನಾನೂ ಕೈಮುಗಿಯುತ್ತಿದ್ದೆ.

ಲೂಯಿಸಿಯಾನದವರು ಈ ವಿಷಯದಲ್ಲಿ ಮೇಲು. ಮಾಮೂ, ಚರ್ಚ್ ಪಾಯಿಂಟ್ ಮೊದಲಾದ ಊರುಗಳಲ್ಲಿ ಮಾರ್ಡಿ ಗ್ರಾ ಹಬ್ಬದ ದಿನ ಮುಖವಾಡ ತೊಟ್ಟ ಸವಾರರು ಹೊಲದಿಂದ ಹೊಲಕ್ಕೆ ಹೋಗುತ್ತಾರೆ. ಅವರ ನಾಯಕ ಬಿಳಿಯ ಬಾವುಟ ಹಿಡಿದು ಮುಂದೆ ಹೋಗಿ ಮನೆಯವರ ಅಪ್ಪಣೆ ಕೇಳುತ್ತಾನೆ. ಮನೆಯವರು ಕೋಳಿ ಹಾರಿಬಿಟ್ಟರೆ ಕೆಸರಿನಲ್ಲಿ ಬಿದ್ದೆದ್ದು ಅದನ್ನು ಹಿಡಿಯಬೇಕು. ಹೀಗೆ ಬೇಡಿ ತಂದುದೆಲ್ಲ ಸಂಜೆಗೆ ಊರ ‘ಗಂಬೋ’ ಆಗುತ್ತದೆ. ಆ ಹೆಸರು ಮಧ್ಯ ಆಫ್ರಿಕದ ಭಾಷೆಗಳಲ್ಲಿ ಬೆಂಡೆಕಾಯಿಯದು. ಗುಲಾಮರೊಡನೆ ಬಂದ ಬೆಂಡೆಯ ಲೋಳೆ ಅಲ್ಲಿ ಸಾರನ್ನು ಗಟ್ಟಿಮಾಡುತ್ತದೆ. ಬೆಂಡೆಯಿಲ್ಲದ ಕಡೆ ಚಾಕ್ಟಾ ಎಂಬ ಮೂಲನಿವಾಸಿಗಳಿಂದ ಕಲಿತ ಸಸ್ಸಾಫ್ರಾಸ್ ಎಲೆಯ ಪುಡಿ. ಹೆಸರು ಆಫ್ರಿಕದ್ದು, ಪುಡಿ ಚಾಕ್ಟಾ ಜನರದು, ಹಬ್ಬ ಫ್ರೆಂಚರದು. ಇದನ್ನು ಇಂಥ ಡಾಕ್ಟರು ಇಂಥ ತಾರೀಖಿನಂದು ಕಂಡುಹಿಡಿದರೆಂದು ಅಲ್ಲಿ ಯಾರಾದರೂ ಫಲಕ ನೆಟ್ಟರೆ ಮುದುಕಿಯರು ಸಟ್ಟುಗ ಹಿಡಿದು ಬಂದಾರು.

ನಮ್ಮವರ ಮಾತೊಂದು ಉಳಿಯಿತು. ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳಿದ್ದು ಬಂದವರು, “ಅವರಿಗೆ ಅಡಿಗೆಯೆಲ್ಲಿದೆ ಸ್ವಾಮಿ? ಬನ್ನಿನ ನಡುವೆ ಒಂದು ಬಿಲ್ಲೆ ಇಟ್ಟು ತಿನ್ನುತ್ತಾರೆ” ಎಂದು ತೀರ್ಪು ಕೊಡುತ್ತಾರೆ. ಹೆದ್ದಾರಿಯ ಅಂಗಡಿ ನೋಡಿ ಒಂದು ಜನಾಂಗದ ಒಲೆಯನ್ನು ಅಳೆದವರು ಇವರು. ಹೊರಗಿನವರು ಆ ಅಡಿಗೆ ಇಲ್ಲವೇ ಇಲ್ಲವೆನ್ನುತ್ತಾರೆ, ಒಳಗಿನವರು ಅದು ತಮ್ಮೊಬ್ಬರದೇ ಎನ್ನುತ್ತಾರೆ. ಎರಡರಲ್ಲಿಯೂ ಇರುಳೆಲ್ಲ ತಿರುವಿದವನು ಕಾಣುವುದಿಲ್ಲ.

ಹಬ್ಬದ ಊಟದಲ್ಲಿ ಕಲ್ಲು ಹುಡುಕುತ್ತಾನೆ ಎಂದು ನನ್ನನ್ನು ಬೈಯುವವರಿದ್ದಾರೆ. ಸ್ಪರ್ಧೆ ನಡೆಯಲಿ, ಪದಕ ಕೊಡಲಿ, ಎರಡೂ ಬ್ರನ್ಸ್‌ವಿಕ್ಕಿನವರು ಬೇಕಾದಷ್ಟು ಹೀಯಾಳಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಹಳೆಯ ರಸ್ತೆ ಫಲಕಗಳನ್ನು ಕಿತ್ತು, ತಿದ್ದಿದ ಒಕ್ಕಣೆಯ ಹೊಸವನ್ನು ನೆಡುವ ಪದ್ಧತಿ ವರ್ಜೀನಿಯಾದಲ್ಲಿ ಇದೆ. ಈ ಫಲಕಕ್ಕೂ ಅದು ಸಲ್ಲಲಿ. ವಾಕ್ಯ ಡಾಕ್ಟರರಿಂದ ಬೇಡ, ಮ್ಯಾಥ್ಯೂಸನಿಂದ ಮೊದಲಾಗಲಿ. ಅವನು ಯಾರ ಸ್ವತ್ತಾಗಿದ್ದ ಎಂಬುದು ಬರಲಿ. ‘ಸೃಷ್ಟಿಸಿದ’ ಎಂಬುದನ್ನು ತೆಗೆದು ‘ಬೇಯಿಸಿದ’ ಎಂದು ಬರೆಯಲಿ. ಜಾರ್ಜಿಯಾದ ಕೊಪ್ಪರಿಗೆ ಇದ್ದಲ್ಲೇ ಇರಲಿ. ಅದರ ತಾರೀಖನ್ನು ಅಳಿಸಿದರೆ ಸಾಕು.