ಸನ್ನಿಯಲ್ಲ, ರಕ್ತದ ಒತ್ತಡ

ಅಮೃತೂರಿನ ಒಂದು ಮನೆಯಲ್ಲಿ, ಹೆರಿಗೆಯಾಗಿ ನಾಲ್ಕು ದಿನ ಕಳೆದ ಸೊಸೆ ತಲೆ ಸಿಡಿಯುತ್ತಿದೆಯೆಂದು ನರಳುತ್ತಿದ್ದಾಳೆಂದು ಭಾವಿಸೋಣ. ಸಂಜೆಗೆ ವಾಂತಿ, ಮಗುವಿನ ಮುಖವೂ ಮಸುಕು, ಆಮೇಲೆ ಕೈಕಾಲು ಸೆಟೆದು ಪ್ರಜ್ಞೆ ತಪ್ಪುತ್ತದೆ. ‘ಬಾಣಂತಿ ಸನ್ನಿ’ ಎಂದು ಹಿರಿಯರು ನಿರ್ಣಯಿಸಿಬಿಡುವುದುಂಟು. ನಿಜವಾದ ಅಪರಾಧಿ ಏರಿದ ರಕ್ತದ ಒತ್ತಡವಾಗಿರಬಹುದು.

ಆ ಸೀಮೆಯವರಿಗೆ ಮಾರ್ಕೋನಹಳ್ಳಿಯ ಜಲಾಶಯ ಪರಿಚಿತವಷ್ಟೆ. ನೀರು ಮಿತಿ ಮೀರಿದೊಡನೆ ಅಲ್ಲಿನ ಸೈಫನ್ನುಗಳು ಯಾರ ಅಪ್ಪಣೆಗೂ ಕಾಯದೆ ಕೆಲಸಕ್ಕೆ ತೊಡಗುತ್ತವೆ. ಮಿದುಳಿನ ರಕ್ತನಾಳಗಳಲ್ಲಿಯೂ ಅಂತಹ ಸ್ವಯಂವ್ಯವಸ್ಥೆಯೊಂದುಂಟು. ಒತ್ತಡ ಏರಿದಾಗ ಅವು ತಾವಾಗಿಯೇ ಸಂಕೋಚಗೊಂಡು ರಕ್ತದ ಹರಿವನ್ನು ಹದದಲ್ಲಿಡುತ್ತವೆ. ಆದರೆ ಒತ್ತಡ ಹಠಾತ್ತನೆ ಅತಿಯಾದರೆ ಈ ಕಾವಲು ಸೋಲುತ್ತದೆ. ನಾಳಗಳಿಂದ ದ್ರವ ಜಿನುಗಿ ಮಿದುಳು ಊದಿಕೊಳ್ಳುತ್ತದೆ. ಈ ಬಾಧೆ ಹೆಚ್ಚಾಗಿ ತಟ್ಟುವುದು ಮಿದುಳಿನ ಹಿಂಭಾಗಕ್ಕೆ. ದೃಷ್ಟಿಯ ಕೇಂದ್ರವಿರುವುದೂ ಅಲ್ಲಿಯೇ. ಕಣ್ಣು ನೆಟ್ಟಗಿದ್ದರೂ ನೋಟ ಮಸುಕಾಗುವ ರಹಸ್ಯವಿದು.

ಒತ್ತಡದಿಂದ ಮಿದುಳಿಗೆ ಒದಗುವ ಈ ವಿಕಾರಕ್ಕೆ 1928ರಲ್ಲಿಯೇ ಒಪೆನ್‌ಹೈಮರ್ ಮತ್ತು ಫಿಷ್‌ಬರ್ಗ್ ಎಂಬ ವೈದ್ಯರು ಹೆಸರಿಟ್ಟಿದ್ದರು. ಬದುಕಿರುವವರ ಮಿದುಳಿನ ಊತವನ್ನು ಕಣ್ಣಾರೆ ಕಾಣುವ ಯಂತ್ರ ಆಗ ಇರಲಿಲ್ಲ. 1996ರಲ್ಲಿ ಹಿಂಚಿ ಮತ್ತು ಸಂಗಡಿಗರು ಇಂತಹ 15 ರೋಗಿಗಳ ಚಿತ್ರಗಳನ್ನು ವಿವರಿಸಿದರು. ಅವರಲ್ಲಿ ಬಸುರಿ–ಬಾಣಂತಿಯರ ಸೆಳವಿಗೆ ತುತ್ತಾದವರೂ ಇದ್ದರು. ಎಂ.ಆರ್.ಐ. ಚಿತ್ರದಲ್ಲಿ ತಲೆಯ ಹಿಂಬದಿಯ ಎರಡು ಪಕ್ಕಗಳಲ್ಲಿಯೂ ಬಿಳಿಯ ಮೋಡದಂತಹ ಕಲೆ ಕಾಣುತ್ತದೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಮಂದಿಯಲ್ಲಿ ಕೆಲವು ದಿನ, ವಾರಗಳೊಳಗೆ ಆ ಕಲೆ ಅಳಿಸಿಹೋಗುತ್ತದೆ, ನೋಟ ಮರಳುತ್ತದೆ. ತಡವಾದರೆ ರಕ್ತಸ್ರಾವವಾಗಿ ಶಾಶ್ವತವಾದ ಊನವೋ ಮರಣವೋ ಸಂಭವಿಸಬಹುದು.

ಚಿತ್ರ ತೆಗೆಸಲೆಂದು ಬೆಂಗಳೂರಿಗೆ ಓಡುವುದಕ್ಕೆ ಮೊದಲು, ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿಸಬೇಕು. ಬಸುರಿ, ಬಾಣಂತಿಯರಲ್ಲಿ 160/110 ಮುಟ್ಟಿದರೆ ಅದು ತುರ್ತು ಚಿಕಿತ್ಸೆಯ ಸಂದರ್ಭ. ಸೆಳವಿಗೆ ಮೆಗ್ನೀಸಿಯಂ ಸಲ್ಫೇಟಿನ ಚುಚ್ಚುಮದ್ದುಂಟು. ಒತ್ತಡವನ್ನು ವೈದ್ಯರೇ ಹದವರಿತು ಇಳಿಸಬೇಕು. ಒಮ್ಮೆಗೇ ಕುಸಿದರೆ ಮಿದುಳಿಗೆ ರಕ್ತ ಸಾಲದು. ಮನೆಯ ಹಿರಿಯರಿಗೆಂದು ತಂದ ಮಾತ್ರೆಯನ್ನು ಸೊಸೆಗೆ ನುಂಗಿಸಬಾರದು.

ಹೆರಿಗೆ ಸುಖವಾಗಿ ಮುಗಿಯಿತೆಂದು ನಿಶ್ಚಿಂತರಾಗದಿರಿ. ಅನಂತರದ ವಾರಗಳಲ್ಲಿಯೂ ಬಾಣಂತಿ ‘ತಲೆನೋವು, ಕಣ್ಣು ಮಂಜು’ ಎಂದರೆ ಅದನ್ನು ನಿದ್ದೆಗೆಟ್ಟ ಆಯಾಸವೆಂದು ತಳ್ಳಿಹಾಕದೆ, ಆ ಗಳಿಗೆಯಲ್ಲಿಯೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.